ಬಾಟಲಿಯಲ್ಲಿ ಬೆಳೆದದ್ದು ಪ್ಲೇಟಿನಲ್ಲಿ ಬೆಳೆಯದಿದ್ದರೆ: ಕವಾಟದ ಸೋಂಕಿನಲ್ಲಿ ಪೋಷಕಾಂಶ ಬೇಡುವ ಸ್ಟ್ರೆಪ್ಟೊಕಾಕಸ್ ಪತ್ತೆ

ದೋಷದ ಲಕ್ಷಣ

ರಕ್ತ ಕಲ್ಚರ್ ಬಾಟಲಿ (ರೋಗಿಯ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸುವ ಬಾಟಲಿ) ಪಾಸಿಟಿವ್ ಎಂದು ಯಂತ್ರ ಸೂಚಿಸಿದೆ. ದ್ರವ ತೆಗೆದು ಗ್ರಾಮ್ ಸ್ಟೈನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿದರೆ ನೇರಳೆ ಬಣ್ಣದ ದುಂಡು ಬ್ಯಾಕ್ಟೀರಿಯಾಗಳು ಸರಪಳಿಯಾಗಿ ಕಾಣುತ್ತವೆ. ಅದೇ ದ್ರವವನ್ನು ಕುರಿ ರಕ್ತದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ) ತುಂಬಿದ ಪ್ಲೇಟಿನ ಮೇಲೆ ಗೀಚಿ ಇನ್‌ಕ್ಯುಬೇಟರಿನಲ್ಲಿ ಇಟ್ಟರೆ ಮರುದಿನ ಪ್ಲೇಟ್ ಖಾಲಿ. ಇನ್ನೊಂದು ದಿನ ಕಾದರೂ ಖಾಲಿ. ಅತ್ತ ವಾರ್ಡಿನಲ್ಲಿರುವ ರೋಗಿಗೆ ವಾರಗಟ್ಟಲೆಯಿಂದ ಬಿಟ್ಟುಬಿಡದ ಸಣ್ಣ ಜ್ವರ, ತೂಕ ಇಳಿದಿದೆ, ರಕ್ತಹೀನತೆ ಇದೆ, ಹೃದಯದಲ್ಲಿ ಮರ್ಮರ ಶಬ್ದ ಕೇಳಿಸುತ್ತಿದೆ.

ಇಂಥ ಹೊತ್ತಿನಲ್ಲಿ ಪ್ರಯೋಗಾಲಯದಿಂದ ಹೊರಡಬಹುದಾದ ಅತ್ಯಂತ ಅಪಾಯಕಾರಿ ವರದಿಯೆಂದರೆ 'ಬೆಳವಣಿಗೆ ಕಂಡುಬಂದಿಲ್ಲ' ಎಂಬ ಎರಡು ಪದ. ಸ್ಲೈಡಿನಲ್ಲಿ ಕಣ್ಣಾರೆ ಕಂಡ ಜೀವಿ ಪ್ಲೇಟಿನಲ್ಲಿ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪ್ಲೇಟನ್ನು. ಬಾಟಲಿಯನ್ನಲ್ಲ, ರೋಗಿಯನ್ನಂತೂ ಅಲ್ಲವೇ ಅಲ್ಲ. ಮುಂದಿನ ಪ್ರತಿಯೊಂದು ಹಂತವೂ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ದೋಷ ಎಲ್ಲಿದೆ

1961ರಲ್ಲಿ ಫ್ರೆಂಕೆಲ್ ಮತ್ತು ಹಿರ್ಷ್ ಎಂಬ ಸಂಶೋಧಕರು ವಿಚಿತ್ರ ಸ್ಟ್ರೆಪ್ಟೊಕಾಕಸ್‌ಗಳನ್ನು ವರದಿ ಮಾಡಿದರು. ನಿಧಾನವಾಗಿ ಬೆಳೆಯುವ ಹೃದಯ ಕವಾಟದ ಸೋಂಕಿನಿಂದ ಒಂದು, ಕಿವಿಯ ಸೋಂಕಿನಿಂದ ಇನ್ನೊಂದು ಬಂದಿತ್ತು. ಸಾಮಾನ್ಯ ಪ್ಲೇಟಿನಲ್ಲಿ ಅವು ತಾವಾಗಿ ಬೆಳೆಯುತ್ತಿರಲಿಲ್ಲ. ಬೇರೆ ಬ್ಯಾಕ್ಟೀರಿಯಾದ ಕಾಲೊನಿಯ (ಒಟ್ಟಾಗಿ ಬೆಳೆದ ಗುಂಪಿನ) ಅಂಚಿನಲ್ಲಿ ಮಾತ್ರ ಚುಕ್ಕಿಗಳಂತೆ ಕಾಣಿಸಿಕೊಳ್ಳುತ್ತಿದ್ದವು. ಪಕ್ಕದ ಜೀವಿ ಹೊರಬಿಡುವ ಪೋಷಕಾಂಶವೇ ಅವುಗಳ ಆಹಾರ. ಅವಕ್ಕೆ ಬೇಕಾದದ್ದು ವಿಟಮಿನ್ ಬಿ6ರ ರೂಪವಾದ ಪೈರಿಡಾಕ್ಸಲ್, ಇಲ್ಲವೇ ಎಲ್-ಸಿಸ್ಟೀನ್ ಎಂಬ ಅಮೈನೋ ಆಮ್ಲ ಎಂಬುದು ಮುಂದೆ ಸ್ಪಷ್ಟವಾಯಿತು.

ಹೆಸರುಗಳು ಹಲವು ಸಲ ಬದಲಾಗಿರುವುದರಿಂದ ಹಳೆಯ ಪುಸ್ತಕ ಮತ್ತು ಹೊಸ ಯಂತ್ರ ಒಂದೇ ಜೀವಿಯನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತವೆ. 1989ರಲ್ಲಿ ಇವುಗಳನ್ನು ಸ್ಟ್ರೆಪ್ಟೊಕಾಕಸ್ ಡಿಫೆಕ್ಟಿವಸ್, ಸ್ಟ್ರೆಪ್ಟೊಕಾಕಸ್ ಅಡ್ಜಾಸೆನ್ಸ್ ಎಂದು ಎರಡು ಪ್ರಭೇದಗಳಾಗಿ ವಿಂಗಡಿಸಲಾಯಿತು. 1995ರಲ್ಲಿ ವಂಶವಾಹಿ ಹೋಲಿಕೆಯ ಆಧಾರದ ಮೇಲೆ ಸ್ಟ್ರೆಪ್ಟೊಕಾಕಸ್ ಕುಲದಿಂದ ಹೊರತೆಗೆದು ಅಬಿಯೊಟ್ರೋಫಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. 2000ದಲ್ಲಿ ಅದನ್ನೂ ಒಡೆದು ಗ್ರ್ಯಾನ್ಯುಲಿಕಟೆಲ್ಲಾ ಎಂಬ ಕುಲ ಮಾಡಿದರು. ಈಗ ಮನುಷ್ಯರ ಸೋಂಕಿನಲ್ಲಿ ಮುಖ್ಯವಾಗಿ ಎದುರಾಗುವವು ಮೂರು: ಅಬಿಯೊಟ್ರೋಫಿಯಾ ಡಿಫೆಕ್ಟಿವಾ, ಗ್ರ್ಯಾನ್ಯುಲಿಕಟೆಲ್ಲಾ ಅಡಿಯಾಸೆನ್ಸ್, ಗ್ರ್ಯಾನ್ಯುಲಿಕಟೆಲ್ಲಾ ಎಲೆಗಾನ್ಸ್. ಕುಲ ಬದಲಾದರೂ 'ಪೋಷಕಾಂಶ ಬೇಡುವ ಸ್ಟ್ರೆಪ್ಟೊಕಾಕಸ್' ಎಂಬ ಹಳೆಯ ಕರೆ ಆಸ್ಪತ್ರೆಗಳಲ್ಲಿ ಉಳಿದುಕೊಂಡಿದೆ, ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಇವು ಆರೋಗ್ಯವಂತರ ಬಾಯಿ, ಕರುಳು, ಜನನಾಂಗ ಮತ್ತು ಮೂತ್ರಮಾರ್ಗಗಳಲ್ಲಿ ಸದಾ ಇರುವ ಜೀವಿಗಳು. ಹಲ್ಲು ಅಥವಾ ಒಸಡಿನ ತೊಂದರೆಯಿಂದ ರಕ್ತಕ್ಕೆ ಇಳಿದು, ಮೊದಲೇ ಹಾಳಾದ ಕವಾಟಕ್ಕೋ ಕೃತಕ ಕವಾಟಕ್ಕೋ ಅಂಟಿಕೊಂಡರೆ ಕಥೆ ಬದಲಾಗುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಎಂಡೋಕಾರ್ಡೈಟಿಸ್ (ಹೃದಯ ಕವಾಟದ ಸೋಂಕು) ಪ್ರಕರಣಗಳಲ್ಲಿ ಸುಮಾರು 5 ಶೇಕಡಾ ಇವುಗಳ ಪಾಲು ಎಂಬುದು ಬಹುಕಾಲದಿಂದ ಉಲ್ಲೇಖವಾಗುತ್ತಿರುವ ಅಂದಾಜು. ಸಂಖ್ಯೆ ಚಿಕ್ಕದು. ಆದರೆ ಕವಾಟ ಹರಿಯುವುದು, ಸೋಂಕಿನ ಗಂಟು ಕಳಚಿ ಮಿದುಳಿಗೋ ಗುಲ್ಮಕ್ಕೋ ಹೋಗಿ ರಕ್ತನಾಳ ಕಟ್ಟುವುದು, ಚಿಕಿತ್ಸೆ ಮುಗಿದ ಮೇಲೆ ಜ್ವರ ಮರುಕಳಿಸುವುದು, ಇವೆಲ್ಲ ಬಾಯಿಯ ಇತರ ಸ್ಟ್ರೆಪ್ಟೊಕಾಕಸ್‌ಗಳಿಗಿಂತ ಇವುಗಳಲ್ಲಿ ಹೆಚ್ಚೆಂದು ವರದಿಯಾಗಿವೆ. ಆದ್ದರಿಂದಲೇ ಖಾಲಿ ಪ್ಲೇಟನ್ನು ನೋಡಿ ಸುಮ್ಮನೆ ಕೈತೊಳೆದುಕೊಳ್ಳುವಂತಿಲ್ಲ.

ಮೊದಲ ಹೆಜ್ಜೆ: ಸ್ಲೈಡನ್ನು ಮತ್ತೆ ನೋಡಿ

ಹೊಸ ಪ್ಲೇಟಿಗೆ ಕೈ ಹಾಕುವ ಮುನ್ನ ಬಾಟಲಿಯಿಂದ ಮತ್ತೊಂದು ಸ್ಲೈಡ್ ಮಾಡಿ. ಈ ಬ್ಯಾಕ್ಟೀರಿಯಾಗಳು ಪೋಷಕಾಂಶ ಸಾಲದಾದಾಗ ಆಕಾರ ಕೆಡಿಸಿಕೊಳ್ಳುತ್ತವೆ. ಸುಂದರ ಸರಪಳಿಯ ಬದಲು ಉದ್ದವಾದ, ಉಬ್ಬಿದ, ಬಲ್ಬಿನಂತೆ ಊದಿಕೊಂಡ ಕೋಶಗಳು ಕಾಣಬಹುದು. ಕೆಲವು ನೇರಳೆ, ಕೆಲವು ಕೆಂಪು. ಅನನುಭವಿ ಕಣ್ಣು ಇದನ್ನು ಎರಡು ಮೂರು ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣವೆಂದೋ, ಚರ್ಮದ ಮೇಲಿರುವ ಡಿಫ್ತೆರಾಯ್ಡ್ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳೆಂದೋ ಓದಿ 'ಚರ್ಮದಿಂದ ಬಂದ ಕಲ್ಮಶ' ಎಂದು ಬರೆದುಬಿಡುತ್ತದೆ. ಒಂದೇ ಸರಪಳಿಯೊಳಗೆ ದುಂಡು ಕೋಶವೂ ಊದಿದ ಕೋಶವೂ ಒಟ್ಟಿಗೆ ಇದ್ದರೆ ಅದು ಮಿಶ್ರಣವಲ್ಲ, ಹಸಿದಿರುವ ಒಂದೇ ಜೀವಿ.

ಸ್ಲೈಡಿನಲ್ಲಿ ಏನೂ ಇಲ್ಲದಿದ್ದರೆ ದಾರಿ ಬೇರೆ. ಬಾಟಲಿಗೆ ಮಿತಿ ಮೀರಿ ರಕ್ತ ತುಂಬಿದಾಗ, ರೋಗಿಯ ಬಿಳಿ ರಕ್ತಕಣಗಳ ಸಂಖ್ಯೆ ಬಹಳ ಹೆಚ್ಚಿದ್ದಾಗ, ಆ ಕಣಗಳೇ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಯಂತ್ರ ತಪ್ಪಾಗಿ ಎಚ್ಚರಿಕೆ ಕೊಡುತ್ತದೆ. ಅಕ್ರಿಡಿನ್ ಆರೆಂಜ್ ಬಣ್ಣ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಬಗೆಹರಿಯುತ್ತದೆ. ಗ್ರಾಮ್ ಸ್ಟೈನಿನಲ್ಲಿ ತಪ್ಪಿಹೋದ ಬ್ಯಾಕ್ಟೀರಿಯಾ ಇದರಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಎರಡನೆಯ ಹೆಜ್ಜೆ: ಹೋಲುವ ಬೇರೆ ದೋಷಗಳನ್ನು ತಳ್ಳಿಹಾಕಿ

ಸ್ಲೈಡಿನಲ್ಲಿ ಕಾಕಸ್ (ದುಂಡು ಬ್ಯಾಕ್ಟೀರಿಯಾ) ಇದೆ, ಪ್ಲೇಟಿನಲ್ಲಿ ಇಲ್ಲ ಎಂಬ ಚಿತ್ರ ಪೋಷಕಾಂಶ ಬೇಡುವ ಸ್ಟ್ರೆಪ್ಟೊಕಾಕಸ್‌ಗೆ ಮಾತ್ರ ಸೀಮಿತವಲ್ಲ.

ಒಂದು, ನ್ಯೂಮೊಕಾಕಸ್. ಅದರ ಸ್ವಂತ ಕಿಣ್ವವೇ ಅದನ್ನು ಕರಗಿಸುತ್ತದೆ. ಬಾಟಲಿ ಪಾಸಿಟಿವ್ ಆಗಿ ಹಲವು ಗಂಟೆ ಹಾಗೆಯೇ ಉಳಿದರೆ ಜೀವಂತ ಕೋಶಗಳು ಕಡಿಮೆಯಾಗಿ, ಸ್ಲೈಡಿನಲ್ಲಿ ನೆರಳಿನಂಥ ಜೋಡಿ ಕಾಕಸ್‌ಗಳು ಕಂಡು ಪ್ಲೇಟ್ ಖಾಲಿ ಉಳಿಯುತ್ತದೆ. ನ್ಯುಮೋನಿಯಾ ಅಥವಾ ಮೆದುಳು ಪೊರೆಯ ಉರಿಯೂತ ಇರುವ, ಥಟ್ಟನೆ ಹದಗೆಟ್ಟ ರೋಗಿಯಲ್ಲಿ ಮೊದಲು ಇದನ್ನೇ ಯೋಚಿಸಿ. ಬಾಟಲಿಯ ದ್ರವದಲ್ಲೇ ಪ್ರತಿಜನಕ ಪರೀಕ್ಷೆ ಅಥವಾ ಪಿಸಿಆರ್ ಮಾಡಿದರೆ ಉತ್ತರ ಸಿಗುತ್ತದೆ.

ಎರಡು, ಆಮ್ಲಜನಕ ಒಲ್ಲದ ಕಾಕಸ್‌ಗಳು. ಆಮ್ಲಜನಕರಹಿತ ಬಾಟಲಿ ಮಾತ್ರ ಪಾಸಿಟಿವ್ ಆಗಿದ್ದರೆ ಈ ಅನುಮಾನ ಬಲವಾಗುತ್ತದೆ. ಇಲ್ಲೊಂದು ಮೋಸದ ತಿರುವಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಮ್ಲಜನಕರಹಿತ ಬೆಳವಣಿಗೆಗೆಂದು ಮಾಡಿದ ಪುಷ್ಟಿಯುತ ಅಗಾರ್‌ಗಳಲ್ಲಿ ಸಿಸ್ಟೀನ್‌ನಂಥ ಪದಾರ್ಥ ಇರುವುದುಂಟು. ಆದ್ದರಿಂದ ಪೋಷಕಾಂಶ ಬೇಡುವ ಸ್ಟ್ರೆಪ್ಟೊಕಾಕಸ್ ಕುರಿ ರಕ್ತದ ಅಗಾರಿನಲ್ಲಿ ಬಾರದೆ ಆಮ್ಲಜನಕರಹಿತ ಪ್ಲೇಟಿನಲ್ಲಿ ಮಾತ್ರ ಬೆಳೆದು, 'ಇದು ಅನೇರೋಬ್' ಎಂಬ ತಪ್ಪು ತೀರ್ಮಾನಕ್ಕೆ ಎಳೆದೊಯ್ಯಬಹುದು. ಹಾಗಾಗಿ ಅಲ್ಲಿ ಬೆಳೆದ ಕಾಲೊನಿಯನ್ನು ಚಾಕೊಲೇಟ್ ಅಗಾರ್ (ಬಿಸಿಯಿಂದ ಒಡೆದ ರಕ್ತ ಹಾಕಿದ ಪುಷ್ಟಿಯುತ ಅಗಾರ್) ಮೇಲೆ 5 ಶೇಕಡಾ ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಿ ನೋಡದೆ ಅನೇರೋಬ್ ಎಂದು ಘೋಷಿಸಬಾರದು. ಚಾಕೊಲೇಟ್ ಅಗಾರಿನಲ್ಲಿ ಬಂದು ಕುರಿ ರಕ್ತದಲ್ಲಿ ಬಾರದಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಮೂರು, ರೋಗಿ ಮೊದಲೇ ಪ್ರತಿಜೀವಕ ತೆಗೆದುಕೊಂಡಿರುವುದು. ವಾರ್ಡಿಗೆ ಕರೆ ಮಾಡಿ ಕೇಳಿದರೆ ಗೊತ್ತಾಗುತ್ತದೆ. ಆ ಒಂದು ಕರೆ ಮಾಡದೆ ದಿನ ಕಳೆಯುವುದು ಸರಿಯಲ್ಲ.

ಮೂರನೆಯ ಹೆಜ್ಜೆ: ಸ್ಟ್ಯಾಫಿಲೊಕಾಕಸ್ ಗೀಟು

ಇದು ಇಡೀ ಪತ್ತೆಯ ಹೃದಯ. ದುಬಾರಿ ಸಾಧನವೇನೂ ಬೇಡ, ಯಾವ ಸಣ್ಣ ಪ್ರಯೋಗಾಲಯದಲ್ಲೂ ಮಾಡಬಹುದು.

ಬಾಟಲಿಯ ದ್ರವವನ್ನು ಕುರಿ ರಕ್ತದ ಅಗಾರಿನ ಇಡೀ ಮೇಲ್ಮೈಗೆ ಹತ್ತಿಯ ಸ್ವಾಬ್‌ನಿಂದ ಸಮನಾಗಿ ಹರಡಿ. ಅದರ ಮೇಲೆ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಒಂದೇ ಒಂದು ಗೀಟು ಎಳೆಯಿರಿ. ಗುಣಮಟ್ಟ ನಿಯಂತ್ರಣಕ್ಕೆ ಬಳಸುವ ಎಟಿಸಿಸಿ 25923 ತಳಿ ಇದಕ್ಕೆ ಒಗ್ಗುತ್ತದೆ. 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ 24 ಗಂಟೆ ಬಿಡಿ. ಬಾರದಿದ್ದರೆ 48 ಗಂಟೆವರೆಗೆ ಕಾಯಿರಿ. ಗೀಟಿನ ಇಕ್ಕೆಲದಲ್ಲಿ ಮಾತ್ರ ಸೂಜಿಮೊನೆಯಷ್ಟು ಚಿಕ್ಕ ಕಾಲೊನಿಗಳು ಮೂಡಿ, ದೂರದ ಜಾಗ ಖಾಲಿ ಉಳಿದರೆ ಉತ್ತರ ಸಿಕ್ಕಿತು. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಿಂದ ನೋಡಿ. ಬರಿಗಣ್ಣಿಗೆ ಇವು ತಪ್ಪಿಹೋಗುವುದು ಸುಲಭ.

ಗೀಟು ಎಳೆದ ಪ್ಲೇಟಿನ ಜೊತೆಗೆ ಚಾಕೊಲೇಟ್ ಅಗಾರಿನಲ್ಲಿಯೂ ಸಮಾನಾಂತರವಾಗಿ ಬೆಳೆಸಿ. ಮುಂದಿನ ಪರೀಕ್ಷೆಗಳಿಗೆ ಶುದ್ಧ ಬೆಳೆ ಬೇಕಾಗುವುದರಿಂದ ಸ್ಟ್ಯಾಫಿಲೊಕಾಕಸ್ ಬೆರೆತ ಪ್ಲೇಟೊಂದೇ ಸಾಲದು.

ಗೀಟಿನ ಪಕ್ಕ ಕಾಲೊನಿ ಬಂತೆಂದು ಕಣ್ಣುಮುಚ್ಚಿ ಹೆಸರಿಡಬೇಡಿ. ಹಿಮೋಫಿಲಸ್ ಕೂಡ ಹೀಗೆಯೇ ಬೆಳೆಯುತ್ತದೆ, ಕಾರಣ ಬೇರೆ: ಅದಕ್ಕೆ ಬೇಕಾದದ್ದು ವಿ ಅಂಶ ಎಂಬ ಬೇರೊಂದು ಪೋಷಕಾಂಶ. ಅದು ಗ್ರಾಮ್ ನೆಗೆಟಿವ್ (ಗ್ರಾಮ್ ಸ್ಟೈನಿನಲ್ಲಿ ಕೆಂಪಾಗುವ) ಕಡ್ಡಿ ಆದ್ದರಿಂದ ಕಾಲೊನಿಯಿಂದ ಮಾಡಿದ ಸ್ಲೈಡ್ ಇಬ್ಬರನ್ನೂ ಬೇರ್ಪಡಿಸುತ್ತದೆ. ಹಿಮೋಫಿಲಸ್ ಗುಂಪಿನ ಕೆಲವು ಪ್ರಭೇದಗಳೂ ಕವಾಟದ ಸೋಂಕು ತರುವುದರಿಂದ ಈ ಗೊಂದಲ ಪುಸ್ತಕದ ಮಾತಷ್ಟೇ ಅಲ್ಲ.

ಖಚಿತಪಡಿಸಲು ಪೈರಿಡಾಕ್ಸಲ್ ಹೀರಿಸಿದ ಕಾಗದದ ಡಿಸ್ಕ್ ಇಟ್ಟು ನೋಡಬಹುದು, ಅದರ ಸುತ್ತ ಬೆಳವಣಿಗೆಯ ವಲಯ ಮೂಡುತ್ತದೆ. ಅಗಾರಿಗೇ ಸೇರಿಸುವುದಾದರೆ ಪೈರಿಡಾಕ್ಸಲ್ ಹೈಡ್ರೊಕ್ಲೋರೈಡ್ 0.001 ಶೇಕಡಾ, ಎಂದರೆ ಲೀಟರಿಗೆ 10 ಮಿಲಿಗ್ರಾಂ ಸಾಕು. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಔಷಧದಂಗಡಿಯ ಬಿ6 ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಪೈರಿಡಾಕ್ಸಿನ್. ಅದು ಈ ಬ್ಯಾಕ್ಟೀರಿಯಾಗಳಿಗೆ ಒಗ್ಗುವುದಿಲ್ಲ. ಪೈರಿಡಾಕ್ಸಲ್ ಅಥವಾ ಪೈರಿಡಾಕ್ಸಮೈನ್ ರೂಪವೇ ಆಗಬೇಕು. ದ್ರಾವಣ ಬೆಳಕಿಗೆ ಕೆಡುವುದರಿಂದ ಕಂದು ಬಾಟಲಿಯಲ್ಲಿ, ತಂಪಿನಲ್ಲಿ ಇಡಿ.

ಪರೀಕ್ಷೆ ಎರಡೂ ಬಗೆಯಲ್ಲಿ ವಿಫಲವಾದರೆ, ನಿಮ್ಮಲ್ಲಿ ಗೊತ್ತಿರುವ ಪೋಷಕಾಂಶ ಬೇಡುವ ತಳಿಯೊಂದನ್ನು ಅದೇ ಪ್ಲೇಟ್, ಅದೇ ಗೀಟಿನೊಡನೆ ಬೆಳೆಸಿ ನೋಡಿ. ಅದೂ ಬಾರದಿದ್ದರೆ ದೋಷ ನಿಮ್ಮ ಸಾಮಗ್ರಿಯಲ್ಲಿದೆ.

ಬಾಟಲಿಯಲ್ಲಿ ಏಕೆ ಬೆಳೆಯಿತು ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ರೋಗಿಯ ರಕ್ತದಲ್ಲೇ ಪೈರಿಡಾಕ್ಸಲ್ ಇರುತ್ತದೆ, ಬಾಟಲಿಯ ಸಾರವೂ ಪುಷ್ಟಿಯುತ. ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕವಾಟದ ಚೂರನ್ನು ರಕ್ತವಿಲ್ಲದ ಸಾರದಲ್ಲಿ ಬೆಳೆಸುವಾಗ ಆ ಆಸರೆ ಇರುವುದಿಲ್ಲ. ಅಲ್ಲಿ ಪೈರಿಡಾಕ್ಸಲ್ ಸೇರಿಸಲೇಬೇಕು.

ನಾಲ್ಕನೆಯ ಹೆಜ್ಜೆ: ಹೆಸರು ಹಿಡಿಯುವುದು

ಕಿಣ್ವ ಪರೀಕ್ಷೆಗಳಲ್ಲಿ ಇವು ಕ್ಯಾಟಲೇಸ್ ನೆಗೆಟಿವ್, ಪಿವೈಆರ್ ಪಾಸಿಟಿವ್, ಎಲ್ಎಪಿ ಪಾಸಿಟಿವ್. 6.5 ಶೇಕಡಾ ಉಪ್ಪಿನ ಸಾರದಲ್ಲಿ ಬೆಳೆಯುವುದಿಲ್ಲ. ಪಿವೈಆರ್ ಒಂದನ್ನೇ ನೋಡಿ, ಉಪ್ಪಿನಲ್ಲೂ ಬೆಳೆಯುವ ಎಂಟರೊಕಾಕಸ್ ಎಂದು ಬರೆಯುವ ತಪ್ಪು ಆಗಬಹುದು, ಉಪ್ಪಿನ ಪರೀಕ್ಷೆ ಅದನ್ನು ತಡೆಯುತ್ತದೆ. ಜೆಮೆಲ್ಲಾ ಎಂಬ ಇನ್ನೊಂದು ಕಾಕಸ್ ಕೂಡ ನಿಧಾನವಾಗಿ ಬೆಳೆದು, ಆಕಾರದಲ್ಲಿ ಗೊಂದಲ ಹುಟ್ಟಿಸುತ್ತದೆ. ಆದರೆ ಅದಕ್ಕೆ ಗೀಟಿನ ಆಸರೆ ಬೇಡ. ಜೀವರಾಸಾಯನಿಕ ಕಾರ್ಡ್‌ಗಳನ್ನು ಓದುವ ಯಂತ್ರಗಳು ಪೋಷಕಾಂಶ ಬೇಡುವ ತಳಿಯನ್ನು ಜೆಮೆಲ್ಲಾ ಎಂದು ತಪ್ಪಾಗಿ ಹೆಸರಿಸಿದ ವರದಿಗಳಿವೆ. ಆದ್ದರಿಂದ ಕವಾಟದ ಸೋಂಕಿನ ರೋಗಿಯಲ್ಲಿ ಯಂತ್ರ ಜೆಮೆಲ್ಲಾ ಎಂದರೆ ಗೀಟಿನ ಪರೀಕ್ಷೆ ಮಾಡಿಯೇ ವರದಿ ಕಳುಹಿಸಿ.

ಮಾಲ್ಡಿ-ಟಾಫ್ (ಪ್ರೋಟೀನ್‌ಗಳ ತೂಕ ಅಳೆದು ಜೀವಿಯನ್ನು ಗುರುತಿಸುವ ಯಂತ್ರ) ಇರುವ ಕಡೆ ಪ್ರಭೇದದ ಹೆಸರು ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಇನ್ನೂ ಅನುಮಾನ ಉಳಿದರೆ, ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಆರ್‌ಎನ್‌ಎ ವಂಶವಾಹಿಯ ಅನುಕ್ರಮವೇ ಕೊನೆಯ ಮಾತು.

ಐದನೆಯ ಹೆಜ್ಜೆ: ಔಷಧ ಪರೀಕ್ಷೆ

ಪ್ಲೇಟಿನ ಮೇಲೆ ಔಷಧದ ಡಿಸ್ಕ್ ಇಟ್ಟು ವಲಯ ಅಳೆಯುವ ವಿಧಾನವನ್ನು ಇಲ್ಲಿ ಬಳಸಬೇಡಿ. ಬೆಳವಣಿಗೆಯೇ ಮಂದವಾಗಿರುವಾಗ ದೊಡ್ಡ ವಲಯ ಕಂಡರೆ ಅದು ಔಷಧದ ಬಲವೋ ಜೀವಿಯ ಹಸಿವೋ ಹೇಳಲು ಬಾರದು. ಕ್ಯಾಟಯಾನ್ ಸರಿಹೊಂದಿಸಿದ ಮುಲ್ಲರ್-ಹಿಂಟನ್ ಸಾರಕ್ಕೆ ಒಡೆದ ಕುದುರೆ ರಕ್ತ ಮತ್ತು 0.001 ಶೇಕಡಾ ಪೈರಿಡಾಕ್ಸಲ್ ಸೇರಿಸಿ, ಬ್ರಾತ್ ಮೈಕ್ರೊಡೈಲ್ಯೂಷನ್ (ಚಿಕ್ಕ ಕುಣಿಗಳಲ್ಲಿ ಔಷಧವನ್ನು ಹಂತಹಂತವಾಗಿ ತೆಳುಗೊಳಿಸುವ) ವಿಧಾನದಲ್ಲಿ ಎಂಐಸಿ, ಎಂದರೆ ಬೆಳವಣಿಗೆ ತಡೆಯಬಲ್ಲ ಔಷಧದ ಕನಿಷ್ಠ ಪ್ರಮಾಣ, ಕಂಡುಹಿಡಿಯಬೇಕು. ಔಷಧವಿಲ್ಲದ ನಿಯಂತ್ರಣ ಕುಣಿಯಲ್ಲಿ ಚೆನ್ನಾಗಿ ಬೆಳೆದಿದೆಯೇ ಎಂದು ಮೊದಲು ನೋಡಿ. ಬೆಳೆದಿಲ್ಲದಿದ್ದರೆ ಉಳಿದ ಯಾವ ಕುಣಿಯ ಅಂಕಿಗೂ ಅರ್ಥವಿಲ್ಲ. ಪೆನಿಸಿಲಿನ್‌ಗೆ 0.12 ಮೈಕ್ರೊಗ್ರಾಂ ಪ್ರತಿ ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆಯಾದರೆ ಬಗ್ಗುತ್ತದೆ ಎಂದೂ, 4 ಅಥವಾ ಹೆಚ್ಚಾದರೆ ಬಗ್ಗದು ಎಂದೂ ಓದುವುದು ಅಮೆರಿಕದ ಪ್ರಯೋಗಾಲಯ ಮಾನದಂಡ ಸಂಸ್ಥೆಯಾದ ಸಿಎಲ್‌ಎಸ್‌ಐ ಕ್ರಮ. ಪೆನಿಸಿಲಿನ್‌ಗೆ ಪೂರ್ತಿ ಬಗ್ಗದ ತಳಿಗಳು ಈ ಗುಂಪಿನಲ್ಲಿ ಅಪರೂಪವಲ್ಲ. ವ್ಯಾಂಕೊಮೈಸಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತವೆ.

ಎಂಐಸಿ ಕಡಿಮೆ ಇದ್ದೂ ಔಷಧ ಸೋಲುವುದುಂಟು. ಈ ಜೀವಿಗಳು ನಿಧಾನವಾಗಿ ವಿಭಜನೆಗೊಳ್ಳುತ್ತವೆ. ಕೋಶಭಿತ್ತಿ ಕಟ್ಟುವಾಗ ಹೊಡೆಯುವ ಪೆನಿಸಿಲಿನ್ ಅವುಗಳ ಬೆಳವಣಿಗೆ ನಿಲ್ಲಿಸಿದರೂ ಕೊಲ್ಲದೆ ಉಳಿಯಬಹುದು. ಮೇಲಾಗಿ ಕವಾಟದ ಗಂಟಿನ ಒಳಗೆ ಫೈಬ್ರಿನ್ ಪದರಗಳ ನಡುವೆ ಅವು ಅಡಗಿರುತ್ತವೆ.

ವಾರ್ಡಿನ ಕಡೆಯ ಪರಿಶೀಲನೆ

ವೈದ್ಯರು ಕೇಳುವ ಮೊದಲ ಪ್ರಶ್ನೆ: ಇದು ನಿಜವಾದ ಸೋಂಕೋ, ಬಾಯಿಯಿಂದ ಹಾದುಹೋದ ಬ್ಯಾಕ್ಟೀರಿಯಾವೋ? ಬೇರೆ ಬೇರೆ ಸಮಯಕ್ಕೆ ತೆಗೆದ ಎರಡು ಅಥವಾ ಹೆಚ್ಚು ಸೆಟ್‌ಗಳಲ್ಲಿ (ಒಂದು ಸಲಕ್ಕೆ ತೆಗೆದ ರಕ್ತದ ಬಾಟಲಿಗಳ ಜೋಡಿ) ಬಂದಿದ್ದರೆ ಪ್ರಶ್ನೆಯೇ ಉಳಿಯದು. ಈ ರೋಗವನ್ನು ನಿರ್ಣಯಿಸಲು ಬಳಸುವ ಡ್ಯೂಕ್ ಮಾನದಂಡದ 2023ರ ಪರಿಷ್ಕೃತ ರೂಪ ಅಬಿಯೊಟ್ರೋಫಿಯಾ ಮತ್ತು ಗ್ರ್ಯಾನ್ಯುಲಿಕಟೆಲ್ಲಾ ಎರಡನ್ನೂ ಎಂಡೋಕಾರ್ಡೈಟಿಸ್‌ನ ವಿಶಿಷ್ಟ ಜೀವಿಗಳ ಪಟ್ಟಿಯಲ್ಲಿ ಇಟ್ಟಿದೆ. ಒಂದೇ ಬಾಟಲಿಯಲ್ಲಿ ಬಂದಿದ್ದರೆ ರೋಗಿಯನ್ನು ನೋಡಬೇಕು. ಕಿಮೊಥೆರಪಿಯಿಂದ ಬಾಯಿ ಹುಣ್ಣಾಗಿ ಬಿಳಿ ಕಣಗಳು ಕುಸಿದವರಲ್ಲಿ ಕವಾಟದ ಸೋಂಕಿಲ್ಲದೆಯೂ ಇವು ರಕ್ತಕ್ಕೆ ಬರುತ್ತವೆ. ಆದರೆ ಮರ್ಮರ, ಕೃತಕ ಕವಾಟ ಅಥವಾ ಹಳೆಯ ಸಂಧಿವಾತ ಹೃದ್ರೋಗ ಇರುವವರಲ್ಲಿ ಒಂದೇ ಬಾಟಲಿಯನ್ನು ಕಲ್ಮಶವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಎದೆಯ ಮೇಲಿನಿಂದ ಮಾಡಿದ ಎಕೊದಲ್ಲಿ (ಹೃದಯದ ಶ್ರವಣಾತೀತ ತರಂಗ ಪರೀಕ್ಷೆ) ಏನೂ ಕಾಣದಿದ್ದರೂ ಅನುಮಾನ ಬಲವಾಗಿದ್ದರೆ ಅನ್ನನಾಳದ ಮೂಲಕ ಮಾಡುವ ಎಕೊ ಬೇಕು. ಅದೂ ಸಹಜವಾಗಿದ್ದು ಜ್ವರ ಮುಂದುವರಿದರೆ ಕೆಲವು ದಿನ ಬಿಟ್ಟು ಮತ್ತೆ ಮಾಡಿಸಬೇಕು.

ಬಾಟಲಿಯೇ ನೆಗೆಟಿವ್ ಆದರೆ

ಇದು ಬೇರೆಯದೇ ದೋಷ, ಇಲ್ಲಿ ಮೊದಲು ರಕ್ತ ತೆಗೆದ ಬಗೆಯನ್ನು ಪರಿಶೀಲಿಸಿ. ವಯಸ್ಕರಲ್ಲಿ ಬಾಟಲಿಗೆ 8ರಿಂದ 10 ಮಿಲಿಲೀಟರ್, ಬೇರೆ ಬೇರೆ ಜಾಗದಿಂದ ಕನಿಷ್ಠ ಮೂರು ಸೆಟ್, ಪ್ರತಿಜೀವಕ ಕೊಡುವ ಮುನ್ನ. ಅರ್ಧ ತುಂಬಿದ ಒಂದೇ ಬಾಟಲಿ ನೆಗೆಟಿವ್ ಎಂದು ಬಂದರೆ ಅದು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಹಿಂದೆ ಬಾಟಲಿಗಳನ್ನು ಎರಡು ಮೂರು ವಾರ ಇಡುವ ರೂಢಿಯಿತ್ತು. ಈಗಿನ ಸ್ವಯಂಚಾಲಿತ ವ್ಯವಸ್ಥೆಗಳಲ್ಲಿ ಪೋಷಕಾಂಶ ಬೇಡುವ ಸ್ಟ್ರೆಪ್ಟೊಕಾಕಸ್ 5 ದಿನಗಳೊಳಗೆ ಸಿಗುತ್ತದೆ. ಆದ್ದರಿಂದ ಸರಿಯಾಗಿ ತೆಗೆದ ಬಾಟಲಿಗಳೂ ಮೌನವಾಗಿದ್ದರೆ ಬಾಟಲಿಯಲ್ಲಿ ಸುಲಭವಾಗಿ ಸಿಗದ ಬ್ಯಾಕ್ಟೀರಿಯಾಗಳಾದ ಕಾಕ್ಸಿಯೆಲ್ಲಾ, ಬಾರ್ಟೊನೆಲ್ಲಾ, ಬ್ರುಸೆಲ್ಲಾಗಳಿಗೆ ರಕ್ತದ ಪ್ರತಿಕಾಯ ಪರೀಕ್ಷೆ ಮಾಡಿಸಿ. ಕವಾಟ ತೆಗೆದರೆ ಅದನ್ನು ಪೂರ್ತಿ, ಜೀವಿಗಳನ್ನು ಕೊಲ್ಲುವ ಫಾರ್ಮಲಿನ್‌ಗೆ ಹಾಕಲು ಬಿಡಬೇಡಿ. ಒಂದು ಚೂರು ಕಲ್ಚರಿಗೆ, ಒಂದು ಚೂರು 16ಎಸ್ ಪಿಸಿಆರ್‌ಗೆ ಬರಲಿ. ಶಸ್ತ್ರಚಿಕಿತ್ಸಾ ಕೊಠಡಿಗೆ ಈ ಮಾತು ಹಿಂದಿನ ದಿನವೇ ತಲುಪಿರಬೇಕು.

ಚಿಕಿತ್ಸೆಯ ಮೇಲೆ ಕಣ್ಣು

ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ಚಿಕಿತ್ಸಾ ತಂಡದ ನಿರ್ಧಾರ. ಪ್ರಯೋಗಾಲಯದವರಿಗೂ ತಿಳಿದಿರಬೇಕಾದ ಚೌಕಟ್ಟು ಇಷ್ಟು: ಯುರೋಪಿನ ಹೃದ್ರೋಗ ಮಾರ್ಗಸೂಚಿ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಅಥವಾ ವ್ಯಾಂಕೊಮೈಸಿನ್ ಅನ್ನು 6 ವಾರ ಕೊಡಲು, ಜೊತೆಗೆ ಕನಿಷ್ಠ ಮೊದಲ 2 ವಾರ ಅಮಿನೊಗ್ಲೈಕೊಸೈಡ್ (ಜೆಂಟಾಮೈಸಿನ್‌ನಂಥ ಪ್ರತಿಜೀವಕ) ಸೇರಿಸಲು ಹೇಳುತ್ತದೆ. ಬಾಯಿಯ ಸಾಮಾನ್ಯ ಸ್ಟ್ರೆಪ್ಟೊಕಾಕಸ್‌ಗೆ ಸಾಕಾಗುವ 4 ವಾರ ಇಲ್ಲಿ ಸಾಲದು. ನೀವು ಕಳುಹಿಸುವ ವರದಿಯಲ್ಲಿ 'ವಿರಿಡಾನ್ಸ್ ಗುಂಪು' (ಬಾಯಿಯ ಸಾಮಾನ್ಯ ಸ್ಟ್ರೆಪ್ಟೊಕಾಕಸ್‌ಗಳ ಗುಂಪು) ಎಂದಷ್ಟೇ ಬರೆದರೆ ರೋಗಿಗೆ ಕಡಿಮೆ ಅವಧಿಯ ಚಿಕಿತ್ಸೆ ಸಿಗುವ ಸಂಭವವಿದೆ. ಪ್ರಭೇದದ ಹೆಸರನ್ನು ಸ್ಪಷ್ಟವಾಗಿ ಬರೆದು, ಫೋನಿನಲ್ಲೂ ತಿಳಿಸಿ. ಜೆಂಟಾಮೈಸಿನ್ ನಡೆಯುತ್ತಿರುವಾಗ ಮೂತ್ರಪಿಂಡದ ಪರೀಕ್ಷೆ ಮತ್ತು ಔಷಧದ ರಕ್ತ ಮಟ್ಟ ತಪ್ಪದೆ ನೋಡಬೇಕು, ಕಿವಿಯ ದೂರನ್ನೂ ಕೇಳಬೇಕು.

ಚಿಕಿತ್ಸೆ ಆರಂಭವಾದ ಮೇಲೆ ಬಾಟಲಿಗಳು ನೆಗೆಟಿವ್ ಆಗುವವರೆಗೆ 24ರಿಂದ 48 ಗಂಟೆಗೊಮ್ಮೆ ರಕ್ತ ಕಲ್ಚರ್ ಮಾಡಿ. ಈ ಮರುಪರೀಕ್ಷೆಯ ಬಾಟಲಿ ಪಾಸಿಟಿವ್ ಆದರೆ ಅದರ ಪ್ಲೇಟಿಗೂ ಗೀಟು ಎಳೆಯಿರಿ. ಇಲ್ಲವಾದರೆ ಮತ್ತೆ ಖಾಲಿ ಪ್ಲೇಟ್ ನೋಡಿ 'ಸೋಂಕು ಹೋಯಿತು' ಎಂದು ಬರೆಯುವ ಅಪಾಯವಿದೆ. ಜೀವಿಯ ತಳಿಯನ್ನು ಮೈನಸ್ 70 ಡಿಗ್ರಿಯಲ್ಲಿ ಕೂಡಿಡಿ. ಪ್ಲೇಟಿನಲ್ಲಿ ಇವು ಬೇಗ ಸಾಯುತ್ತವೆ. ಮುಂದೆ ಜ್ವರ ಮರುಕಳಿಸಿದರೆ ಹಳೆಯದೇ ತಳಿಯೋ ಹೊಸದೋ ಎಂದು ಹೋಲಿಸಲು ಅದು ಬೇಕಾಗುತ್ತದೆ.

ಬಿಡುಗಡೆಯ ಕಾಗದದಲ್ಲಿ ಜೀವಿಯ ಪೂರ್ತಿ ಹೆಸರು ಇರಲಿ, ಹಲ್ಲಿನ ತಪಾಸಣೆಯ ಸೂಚನೆಯೂ ಇರಲಿ. ಮನೆಗೆ ಹೋದ ಮೇಲೆ ಜ್ವರ ಬಂದರೆ ಯಾವ ಪ್ರತಿಜೀವಕವನ್ನೂ ನುಂಗುವ ಮುನ್ನ ರಕ್ತ ಕಲ್ಚರಿಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು. ಆ ಬಾಟಲಿಯ ಜೊತೆಗಿನ ಕೋರಿಕೆ ಚೀಟಿಯಲ್ಲಿ ಹಿಂದಿನ ಜೀವಿಯ ಹೆಸರು ಬರೆದಿದ್ದರೆ, ಪ್ರಯೋಗಾಲಯದಲ್ಲಿ ಮೊದಲ ದಿನವೇ ಪೈರಿಡಾಕ್ಸಲ್ ಹಾಕಿದ ಪ್ಲೇಟ್ ಸಿದ್ಧವಾಗಿರುತ್ತದೆ.